ಸಾಗವಾನಿ ಬಿಲ್ಲು ಎರಡು ತುಂಡಾಯ್ತು. ತಪ್ಪಿದ್ದೆಲ್ಲಿ?

ಸಾಧನಕೇರಿ ಹುಡುಗ:
ಎಲ್ಲರಿಗೂ ನಮಸ್ಕಾರ. ಧಾರವಾಡದವನು ನಾನು. ಮೊನ್ನೆ ರವಿವಾರ ನನ್ನ ಮೊದಲ ಬಿಲ್ಲು ಮುರಿಯಿತು.

ಬಾಗಿಲ ಚೌಕಟ್ಟು ಮಾಡಿಸಿದಾಗ ಉಳಿದಿದ್ದ ಸಾಗವಾನಿ ಪಟ್ಟಿ ಅದು. ಐದು ಅಡಿ ಉದ್ದ, ಒಂದೂವರೆ ಇಂಚು ಅಗಲ. ಗಂಟಿಲ್ಲ, ನೆಟ್ಟಗಿದೆ, ಒಣಗಿ ವರ್ಷಗಳೇ ಆಗಿವೆ. ಇನ್ನೇನು ಬೇಕು ಅಂದುಕೊಂಡೆ. ರಂಧಾ ಹೊಡೆದು ಎರಡೂ ತುದಿ ಸಣ್ಣ ಮಾಡಿ ನೈಲಾನ್ ಹಗ್ಗ ಕಟ್ಟಿದೆ. ಸ್ವಲ್ಪ ಎಳೆದರೆ ಬಾಗಿತು. ಖುಷಿಯಾಯ್ತು, ಇನ್ನೂ ಸ್ವಲ್ಪ ಎಳೆದೆ. ಕೈ ಎದೆ ತನಕ ಬರುವಷ್ಟರಲ್ಲಿ ಪಟಾಕಿ ಹೊಡೆದ ಹಾಗೆ ಸದ್ದು. ಮೇಲಿನ ತುಂಡು ಹಾರಿ ತುಳಸಿ ಕಟ್ಟೆಗೆ ಬಡಿಯಿತು. ಅವ್ವ ಹೊರಗೆ ಬಂದು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕಟ್ಟಿಗೆ ನೋಡಿದಳು. "ಅದರಾಗ ದೇವರ ಮನಿಗೆ ಒಂದ್ ಮಣಿ ಮಾಡಸ್ಬೇಕಂತ ಇಟ್ಟಿದ್ದೆ" ಅಂದಳು.

ಬೇಟೆ ಗೀಟೆ ಏನಿಲ್ಲ. ಹುಲ್ಲಿನ ಪೆಂಡಿಗೆ ಗುರಿ ಇಟ್ಟು ಹೊಡೆಯುವಂಥ ಸಾದಾ ಉದ್ದ ಬಿಲ್ಲು ಸಾಕು. ಕಾರ್ಬನ್ನು, ತುದಿಗೆ ಗಾಲಿ ಇರುವ ಈಗಿನ ಬಿಲ್ಲು ಯಾವುದೂ ಬೇಡ. ಒಂದೇ ಕಟ್ಟಿಗೆ, ಒಂದು ದಾರ. ನನ್ನ ಎತ್ತರ ಐದೂವರೆ ಅಡಿ. ಮುರಿದ ಜಾಗದ ಫೋಟೊ ಹಾಕಿದ್ದೇನೆ. ಬೈದರೂ ಪರವಾಗಿಲ್ಲ, ಕಲಿಸಿ.

ಬಡಿಗ್ಯಾರ ಕಾಕಾ:
ಗದಗಿನವ ನಾನು. ಮನೆತನದ ಕೆಲಸವೇ ಕಟ್ಟಿಗೆಯದು. ಬೈಯಲ್ಲ ತಮ್ಮಾ, ನಾನೂ ಮೂರು ಮುರಿದಿದ್ದೇನೆ.

ನಿನ್ನ ಫೋಟೊದಲ್ಲಿ ಪಟ್ಟಿಯ ಪಕ್ಕದ ಮೈ ನೋಡು. ಎಳೆಗಳ ಗೆರೆ ಉದ್ದಕ್ಕೆ ಓಡಿಲ್ಲ. ಓರೆಯಾಗಿ ಬಂದು ಅಂಚಿಗೆ ಹೊರಬಿದ್ದಿದೆ. ಅಲ್ಲೇ ಸಿಬಿರು ಎದ್ದಿದೆ, ಅಲ್ಲೇ ಮುರಿದಿದೆ. ಕಟ್ಟಿಗೆ ಕೆಟ್ಟದ್ದಲ್ಲ. ಗರಗಸಕ್ಕೆ ಎಳೆ ಗೊತ್ತಿಲ್ಲ, ಅದು ನೆಟ್ಟಗೆ ಕೊಯ್ಯುತ್ತದೆ. ಮರ ಬೆಳೆದದ್ದು ಓರೆಯಾಗಿದ್ದರೆ ಎಳೆ ಕತ್ತರಿಸಿ ಹೋಗುತ್ತದೆ.

ಬಿಲ್ಲಿಗೆ ಎರಡು ಮೈ. ಗುರಿಯ ಕಡೆ ಇರುವುದು ಬೆನ್ನು, ನಿನ್ನ ಮುಖದ ಕಡೆ ಇರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಹೊಟ್ಟೆ ಸೋತರೆ ಬಿಲ್ಲು ಬಾಗಿಯೇ ಉಳಿಯುತ್ತದೆ, ಇಲ್ಲವೇ ಸಣ್ಣ ಸುಕ್ಕು ಬೀಳುತ್ತದೆ. ಆದರೆ ಬೆನ್ನು ಸೋತರೆ ಮುಗೀತು, ಸಿಡಿಯುತ್ತದೆ. ಅದಕ್ಕೇ ಬೆನ್ನಿನಲ್ಲಿ ಒಂದು ಎಳೆಯನ್ನೂ ಕಡಿಯಬಾರದು. ಮರದಿಂದ ಮಾಡುವವರು ಕಾಂಡವನ್ನು ಬೆಣೆ ಹೊಡೆದು ಸೀಳುತ್ತಾರೆ, ಕೊಯ್ಯುವುದಿಲ್ಲ. ಮರದಲ್ಲಿ ವರ್ಷಕ್ಕೊಂದರಂತೆ ಬೆಳೆಯುವ ಬಳೆಗಳಲ್ಲಿ ಒಂದೇ ಬಳೆ ಬೆನ್ನಿನ ಉದ್ದಕ್ಕೂ ಪೂರ್ತಿ ಉಳಿಯುವಂತೆ ಬಿಡಿಸುತ್ತಾರೆ.

ಐದು ಅಡಿಯೂ ಸಾಲದು. ನೀನು 27 ಇಂಚು ಎಳೆಯುವವನಾದರೆ ಬಿಲ್ಲು 68 ಇಂಚಾದರೂ ಇರಲಿ. ಉದ್ದ ಇದ್ದಷ್ಟೂ ಪ್ರತಿ ಇಂಚಿನ ಮೇಲೆ ಬೀಳುವ ಕಷ್ಟ ಕಡಿಮೆ. ಇನ್ನು ಸಾಗವಾನಿ. ಅದರ ದೊಡ್ಡ ಗುಣವೇ ಆಕಾರ ಬಿಡದೆ ನಿಲ್ಲುವುದು. ಬಾಗಿಲಿಗೆ ಅದಕ್ಕೇ ಹಾಕುತ್ತೇವೆ. ಬಿಲ್ಲಿಗೆ ಬೇಕಾದ ಗುಣ ಬೇರೆ.

ಗರಡಿ ಮನಿ:
ಗಟ್ಟಿ ಕಟ್ಟಿಗೆ ಬೇಕು ಅಂದ್ರೆ ಜಾಲಿ ತಗೊಳ್ಳಿ. ಚಕ್ಕಡಿ ಗಾಲಿಗೇ ಹಾಕ್ತಾರೆ. ಇಲ್ಲಾ ಬನ್ನಿ ಮರ. ಪಾಂಡವರ ಬಿಲ್ಲು ಇದ್ದದ್ದೇ ಬನ್ನಿ ಮರದಲ್ಲಿ ಅಲ್ವಾ?

ಬಡಿಗ್ಯಾರ ಕಾಕಾ:
ಇಟ್ಟಿದ್ದು ಬನ್ನಿ ಮರದಲ್ಲಿ ಮಾರಾಯಾ, ಮಾಡಿದ್ದು ಬನ್ನಿಯಿಂದ ಅಂತ ಯಾರು ಹೇಳಿದರು? ದಸರೆಗೆ ಎಲೆ ಹಂಚೋಣ, ಟೊಂಗೆ ಬಿಡು.

ಗಟ್ಟಿ ಇದ್ದರೆ ಸಾಲದು. ಗಾಲಿಗೆ ಪೆಟ್ಟು ತಡೆಯುವ ಕಟ್ಟಿಗೆ ಬೇಕು. ಬಿಲ್ಲಿಗೆ ಬಗ್ಗಿ ಮತ್ತೆ ನೆಟ್ಟಗಾಗುವ ಕಟ್ಟಿಗೆ ಬೇಕು. ಪೀಕಜಾಲಿ ಎಲ್ಲಾ ಕಡೆ ಬಿದ್ದಿರುತ್ತದೆ, ಕಡಿದರೆ ರೈತ ಚಹಾ ಕುಡಿಸಿ ಕಳಿಸುತ್ತಾನೆ. ಆದರೆ ಅದರಲ್ಲಿ ಆರು ಅಡಿ ನೆಟ್ಟನೆ ತುಂಡು ಸಿಕ್ಕರೆ ನನಗೂ ತೋರಿಸು. ನೀಲಗಿರಿ, ಬೇವು ಎರಡರಲ್ಲೂ ಎಳೆ ಹೆಣೆದುಕೊಂಡಿರುತ್ತವೆ. ಸೀಳಲು ಹೋದರೆ ಗೊತ್ತಾಗುತ್ತದೆ.

ನಮ್ಮ ನಾಡಿನ ಮರಗಳಲ್ಲಿ ಬಿಲ್ಲಿಗೆ ಹೆಸರಾದದ್ದು ತಡಸಲು. ದಡಸಲು ಅಂತಲೂ ಅನ್ನುತ್ತಾರೆ. ಹಿಂದೆ ಗಾಡಿ ಮೂಕಿಗೂ ಕೊಡಲಿ ಕಾವಿಗೂ ಅದನ್ನೇ ಹುಡುಕುತ್ತಿದ್ದರು. ಆದರೆ ಅದು ಕಾಡಿನ ಮರ.

ಕಲಘಟಗಿ ರಸ್ತೆ:
ಆ 'ಆದರೆ' ಬಹಳ ಮುಖ್ಯ. ಕತ್ತಿ ತಗೊಂಡು ಕಾಡಿಗೆ ಹೋಗಬೇಡಿ. ಕಪ್ಪತಗುಡ್ಡವೂ 2019ರಿಂದ ವನ್ಯಜೀವಿ ಧಾಮ. ನಿಮ್ಮದೇ ಹೊಲದ ಮರವಾದರೂ ಕಡಿಯುವ ಮುಂಚೆ ವಿಚಾರಿಸಿ, ಮರ ಸಂರಕ್ಷಣೆಯ ಕಾಯ್ದೆ 1976ರಿಂದಲೂ ಇದೆ. ಬಿಲ್ಲು ಆದ ಮೇಲೆ ಮೊಲ, ಜಿಂಕೆ ಕಡೆ ತಿರುಗಿಸುವ ಯೋಚನೆಯೂ ಬೇಡ. ಅದು ಜೈಲಿನ ದಾರಿ.

ಬಿದಿರಿನ ವಿಷಯ ಬೇರೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರಲ್ಲಿ ಅರಣ್ಯ ಕಾಯ್ದೆಯ 'ಮರ' ಅನ್ನುವ ಪಟ್ಟಿಯಿಂದ ತೆಗೆದರು.

ಹಾನಗಲ್ ಹೊಲ:
ಬಿದಿರು ಅಂತ ಯಾರಾದರೂ ಅನ್ನಲಿ ಅಂತಲೇ ಕಾಯುತ್ತಿದ್ದೆ. ಮೊದಲ ಬಿಲ್ಲಿಗೆ ಬಿದಿರೇ ಸರಿ. ಯಾಕೆ ಗೊತ್ತಾ? ಕಾಕಾ ಹೇಳಿದ ಕಷ್ಟದ ಕೆಲಸ, ಬೆನ್ನಿನ ಎಳೆ ಕಡಿಯದೆ ಬಿಡಿಸುವುದು, ಅದು ಬಿದಿರಿನಲ್ಲಿ ಆಗಿಯೇ ಬಂದಿರುತ್ತದೆ. ಹೊರಗಿನ ಹಸಿರು ಸಿಪ್ಪೆಯ ಕೆಳಗೇ ಎಳೆಗಳು ದಟ್ಟವಾಗಿ ಇರುತ್ತವೆ. ಒಳಗೆ ಹೋದಷ್ಟೂ ಮೆತ್ತಗೆ. ಹೊರಮೈಯೇ ಬೆನ್ನು. ಅದನ್ನು ಮುಟ್ಟಬೇಡಿ ಅಷ್ಟೇ.

ಪೆಂಡಾಲಿಗೆ ಹಾಕುವ ತೆಳು ಗೋಡೆಯ ಬಿದಿರು ನಡೆಯಲ್ಲ. ಏಣಿಗೆ, ಲಾಠಿಗೆ ಬಳಸುವ ಗಟ್ಟಿ ಬಿದಿರು ಬೇಕು. ಬುಡದ ಕಡೆ ಅದು ಹೆಚ್ಚುಕಡಿಮೆ ತುಂಬಿಕೊಂಡೇ ಇರುತ್ತದೆ. ಸುತ್ತಳತೆ ದೊಡ್ಡದಿದ್ದು ಗೋಡೆ ಅರ್ಧ ಇಂಚಿಗಿಂತ ದಪ್ಪ ಇರುವ ಬಿದಿರನ್ನು ಆರಿಸಿ. ತೀರಾ ಸಣ್ಣ ಬಿದಿರಾದರೆ ಬೆನ್ನು ಜಾಸ್ತಿ ಉಬ್ಬಾಗಿರುತ್ತದೆ, ಎಳೆತವೆಲ್ಲ ಆ ಉಬ್ಬಿನ ತುದಿಯ ಮೇಲೇ ಬೀಳುತ್ತದೆ.

ಹಸಿ ಬಿದಿರು ತಂದರೆ ಸೀಳಿ, ನೆರಳಲ್ಲಿ ಮಲಗಿಸಿ ಒಣಗಿಸಬೇಕು. ಒಣಗಿತೋ ಇಲ್ಲವೋ ಅಂತ ತಿಳಿಯಲು ವಾರಕ್ಕೊಮ್ಮೆ ತೂಕ ಮಾಡಿ. ತೂಕ ಇಳಿಯುವುದು ನಿಂತಾಗ ಒಣಗಿದೆ. ನಮ್ಮ ಕಡೆ ಆಷಾಢದಲ್ಲಿ ನಿಲ್ಲುವುದೇ ಇಲ್ಲ, ಅದು ಬೇರೆ ಮಾತು.

ಮೇದಾರರು ಬಿದಿರನ್ನು ನೀರಲ್ಲಿ ನೆನೆ ಹಾಕುವುದನ್ನು ನೋಡಿರಬಹುದು. ಬಿದಿರಿನಲ್ಲಿ ಪಿಷ್ಟ ಇರುತ್ತದೆ. ಹುಳ ಬರುವುದೇ ಅದಕ್ಕೆ. ನೆನೆದರೆ ಪಿಷ್ಟ ನೀರಿಗೆ ಬಿಡುತ್ತದೆ. ಇಲ್ಲದಿದ್ದರೆ ಆರು ತಿಂಗಳಲ್ಲಿ ಬಿಲ್ಲಿನ ಕೆಳಗೆ ಹಳದಿ ಹಿಟ್ಟು ಬಿದ್ದಿರುತ್ತದೆ.

ಗರಡಿ ಮನಿ:
ಅಮಾವಾಸ್ಯೆ ಹತ್ತಿರ ಕಡಿದರೆ ಹುಳ ಬೀಳಲ್ಲ ಅಂತಾರಲ್ಲ?

ಹಾನಗಲ್ ಹೊಲ:
ನಮ್ಮ ಅಜ್ಜನೂ ಅನ್ನುತ್ತಿದ್ದ. ಅಮಾವಾಸ್ಯೆಗೆ ಕಡಿದು ನೆನೆಯೂ ಹಾಕುತ್ತಿದ್ದ. ಯಾವುದರಿಂದ ಉಳಿಯಿತೋ ಅವನಿಗೇ ಗೊತ್ತು.

ಸಾಧನಕೇರಿ ಹುಡುಗ:
ಹುಬ್ಬಳ್ಳಿ ಮೇದಾರ ಓಣಿಗೆ ಹೋಗಿ ಬಂದೆ. ಒಂದು ಮಾತು ಹೇಳಲೇಬೇಕು. ಅಂಗಡಿಯ ಅಜ್ಜಾರಿಗೆ "ಎರಡು ಬಿದಿರು ಬೇಕಿತ್ರಿ, ಆರೇಳು ಅಡಿದು" ಅಂದೆ. ಅವರು ದನಿ ತಗ್ಗಿಸಿ, "ಯಾರು ತೀರಿಕೊಂಡ್ರು ತಮ್ಮಾ?" ಅಂದರು. ಚಟ್ಟಕ್ಕೆ ಅಂದುಕೊಂಡಿದ್ದರು! ಬಿಲ್ಲಿಗೆ ಅಂದ ಮೇಲೆ ನಕ್ಕು, ಒಳಗಿಂದ ಹಳೆ ಏಣಿಯ ಒಂದು ಕಾಲು ತಂದುಕೊಟ್ಟರು. ವರ್ಷಗಟ್ಟಲೆ ಅಟ್ಟದ ಮೇಲೆ ಇದ್ದದ್ದಂತೆ. ಬುಡದಲ್ಲಿ ಗೋಡೆ ಸುಮಾರು 16 ಮಿಲಿಮೀಟರ್. ಮುಂದೆ?

ಹಾನಗಲ್ ಹೊಲ:
ಭಾರೀ ಸಿಕ್ಕಿದೆ ನಿನಗೆ. ಏಣಿಯ ಮೆಟ್ಟಿಲು ತೂರಿಸಿದ ತೂತು ಇಲ್ಲದ ಕಡೆ ಮಾತ್ರ ತಗೋ. ತೂತು ಇದ್ದಲ್ಲಿ ಎಳೆ ಹೋಗಿರುತ್ತದೆ.

ತುದಿಯಿಂದ ಕತ್ತಿ ಇಟ್ಟು ಬಡಿದು ಸೀಳು. ಮಧ್ಯೆ ಒಂದೂಮುಕ್ಕಾಲು ಇಂಚು ಅಗಲ ಬರಲಿ. ಹಿಡಿ ಎಲ್ಲಿ ಅಂತ ಗುರುತು ಹಾಕುವ ಮುಂಚೆ ಗೆಣ್ಣು ಎಣಿಸು. ಎರಡೂ ತೋಳಿನಲ್ಲಿ ಗೆಣ್ಣುಗಳು ಸರಿಸುಮಾರು ಒಂದೇ ದೂರದಲ್ಲಿ ಬರುವ ಹಾಗೆ ಮಧ್ಯ ಗುರುತಿಸು. ಮಧ್ಯದಿಂದ ಅರ್ಧ ತೋಳಿನವರೆಗೆ ಅಗಲ ಹಾಗೇ ಇರಲಿ. ಅಲ್ಲಿಂದ ತುದಿಗೆ ಅರ್ಧ ಇಂಚಿನ ತನಕ ಸಣ್ಣ ಮಾಡುತ್ತಾ ಹೋಗು. ತುದಿ ಹಗುರ ಇದ್ದರೆ ಬಾಣ ಜೋರಾಗಿ ಹೋಗುತ್ತದೆ.

ಒಳಮೈಯ ಗೆಣ್ಣಿನ ಪರದೆ ತೆಗೆದುಹಾಕು. ಆದರೆ ಗೆಣ್ಣಿರುವಲ್ಲಿ ಉಳಿದ ಕಡೆಗಿಂತ ಒಂದು ಕೂದಲಷ್ಟು ಹೆಚ್ಚು ದಪ್ಪ ಬಿಡು. ಹೊರಮೈಯ ಗೆಣ್ಣಿನ ಉಬ್ಬು ಚಂದ ಕಾಣಲ್ಲ ಅಂತ ರಂಧಾ ಹೊಡೆದು ಸಮ ಮಾಡಿದೆಯೋ, ಅಲ್ಲಿಗೇ ಸಿಡಿಯುತ್ತದೆ. ಅಂಚು ಮಾತ್ರ ಪಾಲಿಶ್ ಪೇಪರಿನಿಂದ ದುಂಡಗೆ ಮಾಡು, ಚೂಪು ಅಂಚಿನಲ್ಲೇ ಸಿಬಿರು ಏಳುವುದು.

ಸೊಟ್ಟಗಿದ್ದರೆ ಇದ್ದಲಿ ಕೆಂಡದ ಮೇಲೆ ಹೊಟ್ಟೆ ಮೈ ಕಾಯಿಸು. ಜೇನು ಬಣ್ಣ ಬಂದಾಗ ಬಗ್ಗಿಸಿ, ತಣ್ಣಗಾಗುವ ತನಕ ಹಿಡಿದಿರು. ಬೆನ್ನು ಸುಡಬಾರದು. ಹೀಗೆ ಕಾದ ಹೊಟ್ಟೆ ಒತ್ತಡಕ್ಕೆ ಇನ್ನೂ ಗಟ್ಟಿಯಾಗುತ್ತದೆ. ಕಾಯಿಸಿದ ಮೇಲೆ ಎರಡು ದಿನ ಮುಟ್ಟಬೇಡ. ತೀರಾ ಒಣಗಿದ ಬಿಲ್ಲೂ ಮುರಿಯುತ್ತದೆ, ಗಾಳಿಯ ತೇವ ಸ್ವಲ್ಪ ಕುಡಿಯಲಿ.

ವಿದ್ಯಾನಗರ ಮೆಕ್ಯಾನಿಕಲ್:
ಕೆತ್ತುವ ಮುಂಚೆ ಈ ಲೆಕ್ಕ ಗೊತ್ತಿರಲಿ. ಅಗಲ ಎರಡು ಪಟ್ಟು ಮಾಡಿದರೆ ಬಿಗಿ ಎರಡು ಪಟ್ಟು. ದಪ್ಪ ಎರಡು ಪಟ್ಟು ಮಾಡಿದರೆ ಬಿಗಿ ಎಂಟು ಪಟ್ಟು. ಅಂದರೆ 10 ಮಿಲಿಮೀಟರ್ ಇದ್ದದ್ದನ್ನು 9ಕ್ಕೆ ಇಳಿಸಿದರೆ, ಹೋಗಿದ್ದು ಹತ್ತನೇ ಒಂದು ಪಾಲು ದಪ್ಪ, ಆದರೆ ಅಲ್ಲಿನ ಬಿಗಿ 27 ಪ್ರತಿಶತ ಇಳಿಯಿತು. ಒಂದು ಮಿಲಿಮೀಟರ್ ಅಂದರೆ ರಂಧಾದ ಕೆಲವೇ ಎಳೆತ. ಅದಕ್ಕೇ ಕೊನೆಗೆ ರಂಧಾ ಬದಿಗಿಟ್ಟು, ಒಡೆದ ಗಾಜಿನ ಚೂರಿನಿಂದ ಕೆರೆಯುವುದು. ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಬಡಿಗ್ಯಾರ ಕಾಕಾ:
ಇಂಜಿನಿಯರ್ ಸಾಹೇಬರು ಕಾಗದದ ಮೇಲೆ ಹೇಳಿದ್ದನ್ನೇ ನಮ್ಮಪ್ಪ ಉಳಿ ಕಸಿದುಕೊಂಡು ಹೇಳುತ್ತಿದ್ದ. "ತಗದದ್ದು ತಿರಗಿ ಬರಂಗಿಲ್ಲ."

ಈಗ ಬಾಗು ಹದ ಮಾಡುವುದು. ನಿಜವಾದ ಬಿಲ್ಲು ಕೆಲಸ ಇದೇ. ಇದಕ್ಕಿಂತ ಮುಂಚಿನದ್ದೆಲ್ಲ ಬರೀ ಪಟ್ಟಿ ಮಾಡುವುದು. ನಿಧಾನವಾಗಿ ಓದು.

ಮೊದಲು ಹೆದೆ ಕಟ್ಟಬೇಡ. ಒಂದು ತುದಿ ನೆಲಕ್ಕೆ ಊರಿ, ಹಿಡಿ ಹತ್ತಿರ ಒತ್ತಿ ನೋಡು. ಆ ತೋಳು ಎಲ್ಲಿ ಬಾಗುತ್ತದೆ, ಎಲ್ಲಿ ಬಾಗುವುದಿಲ್ಲ ಅಂತ ಕಾಣುತ್ತದೆ. ಬಾಗದಿದ್ದ ಕಡೆ ಹೊಟ್ಟೆ ಮೈಯಲ್ಲಿ ಪೆನ್ಸಿಲ್ ಗೀಚು. ಗೀಚಿದ್ದು ಹೋಗುವಷ್ಟೇ ಕೆರೆ. ಆಮೇಲೆ ಇನ್ನೊಂದು ತೋಳು.

ಎರಡೂ ತೋಳು ಒಂದೇ ಥರ ಬಾಗಲು ಶುರುವಾದಾಗ ಉದ್ದನೆಯ ಸಡಿಲ ಹಗ್ಗ ಕಟ್ಟು. ಗೋಡೆಗೆ ಒಂದು ಗೂಟ ಬಡಿದು ಹಿಡಿಯನ್ನು ಅದರ ಮೇಲೆ ಕೂಡಿಸು. ಕೆಳಗೆ ರಾಟಿ ಹಾಕಿ ಹಗ್ಗವನ್ನು ದೂರದಿಂದ ಎಳೆ. ರದ್ದಿ ಪೇಪರ್‌ನವರ ಹತ್ತಿರ ಇರುವ ಕೊಕ್ಕೆ ಕಾಂಟಾ ನಡುವೆ ಸಿಗಿಸಿದರೆ ಎಷ್ಟು ತೂಕದ ಎಳೆತ ಅಂತ ತಿಳಿಯುತ್ತದೆ. ಗೋಡೆಯ ಮೇಲೆ ಇದ್ದಲಿಯಿಂದ ಅಡ್ಡಗೆರೆ ಎಳೆದುಕೋ. ಯಾವ ತೋಳು ಹಟ ಮಾಡುತ್ತಿದೆ ಅಂತ ಗೆರೆ ಹೇಳುತ್ತದೆ. ನಿನ್ನ ಅವ್ವ ಏನನ್ನುತ್ತಾಳೋ ನನಗೆ ಗೊತ್ತಿಲ್ಲ.

ಮೂರು ಮಾತು ನೆನಪಿಡು. ನಿನಗೆ 30 ಪೌಂಡಿನ ಬಿಲ್ಲು, ಅಂದರೆ ಪೂರ್ತಿ ಎಳೆದಾಗ ಅಷ್ಟು ತೂಕದ ಎಳೆತ, ಬೇಕಾದರೆ ಕಾಂಟಾದಲ್ಲಿ ಹದಿಮೂರೂವರೆ ಕಿಲೋ ದಾಟಿ ಯಾವತ್ತೂ ಎಳೆಯಬೇಡ, ಬಿಲ್ಲು ಎಷ್ಟೇ ಕಮ್ಮಿ ಬಾಗಿರಲಿ. ಕೆರೆದಾಗಲೆಲ್ಲ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡು. ಕೆರೆದದ್ದು ಕೂಡಲೇ ಕಾಣುವುದಿಲ್ಲ, ಕಟ್ಟಿಗೆಗೆ ಸುದ್ದಿ ಮುಟ್ಟಲು ಹೊತ್ತು ಬೇಕು. ಇನ್ನು, ಒಂದೇ ಕಡೆ ಜಾಸ್ತಿ ಬಾಗುತ್ತಿದ್ದರೆ ಅಲ್ಲಿ ಕೈ ಹಚ್ಚಲೇಬೇಡ. ಅದರ ಎರಡೂ ಪಕ್ಕ ಕೆರೆದು ಅದನ್ನು ಸಮಕ್ಕೆ ತಾ.

ಸ್ವಲ್ಪ ಬಾಗಿದ ಮೇಲೆ ಗಿಡ್ಡ ಹೆದೆ. ಹಿಡಿಯಿಂದ ಹೆದೆಗೆ ಆರು ಇಂಚು. ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದರೆ ಎಷ್ಟೋ ಅಷ್ಟು. ಕೆಳತೋಳು ಒಂದು ಚೂರು ಬಿಗಿ ಇರಲಿ. ಕೈ ಹಿಡಿಯುವುದು ಮಧ್ಯದ ಕೆಳಗೆ, ಬಾಣ ಹೋಗುವುದು ಮೇಲೆ.

ಬೆಟಗೇರಿ ನೂಲು:
ಆ ನೈಲಾನ್ ಹಗ್ಗ ಬಾವಿಗೆ ಹಾಕ್ರಿ. ಹಿಗ್ಗುತ್ತದೆ ಅದು. ನೀವು ಬಿಲ್ಲಿಗೆ ಕೊಟ್ಟ ಬಲವೆಲ್ಲ ಹೆದೆ ಹಿಗ್ಗುವುದರಲ್ಲೇ ಹೋಗುತ್ತದೆ.

ನಮ್ಮದು ಮಗ್ಗದ ಮನೆ, ಹಾಗಾಗಿ ದಾರದ ಮಾತು ನನಗೆ ಬಿಡಿ. ದಪ್ಪ ಪಾಲಿಸ್ಟರ್ ಹೊಲಿಗೆ ದಾರ ತನ್ನಿ. ಬಿಲ್ಲುಗಾರರು ಬಳಸುವ ಡ್ಯಾಕ್ರಾನ್ ಅಂದರೂ ಪಾಲಿಸ್ಟರೇ. ಹೆದೆಯ ತಾಕತ್ತು ಬಿಲ್ಲಿನ ಎಳೆತದ ನಾಲ್ಕು ಪಟ್ಟಾದರೂ ಇರಬೇಕು. 30 ಪೌಂಡಿಗೆ 120 ಪೌಂಡು, ಅಂದರೆ ಸುಮಾರು 55 ಕಿಲೋ. ಒಂದು ಎಳೆಗೆ ಚೀಲ ಕಟ್ಟಿ ಅಕ್ಕಿ ಹಾಕುತ್ತಾ ಹೋಗಿ. ನಾಲ್ಕು ಕಿಲೋಗೆ ಹರಿಯಿತು ಅಂದರೆ 14 ಎಳೆ ಬೇಕು. ನಾನಾದರೆ 18 ಹಾಕುತ್ತೇನೆ. ಎರಡು ಭಾಗ ಮಾಡಿ, ಒಂದೊಂದನ್ನೂ ಬಲಕ್ಕೆ ಹೊಸೆದು, ಎರಡನ್ನೂ ಒಂದರ ಮೇಲೊಂದು ಎಡಕ್ಕೆ ಸುತ್ತಿ. ಬಿಚ್ಚಿಕೊಳ್ಳುವುದಿಲ್ಲ. ಜೇನುಮೇಣ ಉಜ್ಜಿ. ಒಂದು ತುದಿಗೆ ಕುಣಿಕೆ, ಇನ್ನೊಂದಕ್ಕೆ ಗಂಟು. ಬಾಣ ಕೂರುವ ಜಾಗಕ್ಕೆ ಹತ್ತಿ ದಾರ ಬಿಗಿಯಾಗಿ ಸುತ್ತಿ.

ಪುಂಡಿ ನಾರು, ಸೆಣಬಿನ ನಾರಿನಿಂದಲೂ ಆಗುತ್ತದೆ. ಆದರೆ ಹೊಸೆದದ್ದು ಒಂದು ಕಡೆ ಸಣ್ಣಗಾದರೂ ಅಲ್ಲೇ ಹರಿಯುತ್ತದೆ. ತುಂಬ ಎಳೆದಾಗ ಹೆದೆ ಹರಿದರೆ ಬಿಲ್ಲೂ ಮುರಿಯಬಹುದು. ಭಿಲ್ಲ ಬುಡಕಟ್ಟಿನವರು ಬಿದಿರಿನ ಸಿಬಿರನ್ನೇ ಹೆದೆ ಮಾಡುತ್ತಾರೆ. ಅದು ತಲೆಮಾರಿನ ಕೈಚಳಕ, ನಮ್ಮ ನಿಮ್ಮ ಕೆಲಸ ಅಲ್ಲ.

ಅಗಸಿ ಚಟ್ನಿ:
ಎಣ್ಣೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅಡುಗೆಮನೆಯ ಶೇಂಗಾ ಎಣ್ಣೆ ಹಚ್ಚಬೇಡಿ, ಅದು ಒಣಗಲ್ಲ. ಜಿಡ್ಡಾಗಿ ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪದರ ಆಗುತ್ತದೆ. ಕುಸುಬಿ ಎಣ್ಣೆಯೂ ಒಣಗುತ್ತದೆ, ನಿಧಾನ. ಗಾಣದ ಹಸಿ ಅಗಸಿ ಎಣ್ಣೆಗೆ ದಿನಗಟ್ಟಲೆ ಬೇಕು. ಬಣ್ಣದಂಗಡಿಯ ಕುದಿಸಿದ ಅಗಸಿ ಎಣ್ಣೆ ಬೇಗ ಒಣಗುತ್ತದೆ. ಅದು ತಿನ್ನುವುದಕ್ಕಲ್ಲ, ಬೇರೆ ಇಡಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗಿನ ಶಾಖ ಹೊರಗೆ ಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿ.

ಗರಡಿ ಮನಿ:
ಬಟ್ಟೆ ತಾನೇ ಹೊತ್ಕೊಳ್ಳತ್ತಾ? ಅಕ್ಕಾರೆ, ಹೆದರಿಸಬೇಡ್ರಿ.

ವಿದ್ಯಾನಗರ ಮೆಕ್ಯಾನಿಕಲ್:
ಅಕ್ಕ ಹೇಳಿದ್ದು ಖರೆ.

ಹಾನಗಲ್ ಹೊಲ:
ಕೆಲಸದ ಮಧ್ಯೆ ಒಂದು ಸುದ್ದಿ. ನಮ್ಮ ಕಡೆಯ ವೀರಗಲ್ಲು ನೋಡುವಾಗ ಇನ್ನು ಮುಂದೆ ಬಿಲ್ಲು ಹಿಡಿದವರ ಕೈ ಗಮನಿಸಿ. ನಾನು ಮೊದಲೆಲ್ಲ ಕುದುರೆ ಕತ್ತಿ ಮಾತ್ರ ನೋಡುತ್ತಿದ್ದೆ. ಬಿಲ್ಲು ಮಾಡಲು ಕಲಿತ ಮೇಲೆ, ಕಲ್ಲಿನಲ್ಲೂ ತೋಳು ಸಮ ಬಾಗಿದೆಯಾ ಅಂತ ನೋಡುವ ಚಟ ಹತ್ತಿದೆ.

ಇಂಗ್ಲೆಂಡಿನಲ್ಲಿ 1545ರಲ್ಲಿ ಮುಳುಗಿದ ಮೇರಿ ರೋಸ್ ಅನ್ನುವ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ 137 ಇಡೀ ಬಿಲ್ಲು ಸಿಕ್ಕವು, ಯೂ ಮರದ್ದು. ಆರು ಅಡಿಗಿಂತ ಉದ್ದ. ಆ ಮರದ ಹೊರಗಿನ ಬಿಳಿ ಭಾಗ ಹಿಗ್ಗಲು ಗಟ್ಟಿ, ಒಳಗಿನ ಕೆಂಪು ಭಾಗ ಕುಗ್ಗಲು ಗಟ್ಟಿ. ಬಿಳಿಯನ್ನು ಬೆನ್ನಿಗೆ, ಕೆಂಪನ್ನು ಹೊಟ್ಟೆಗೆ ಇಟ್ಟು ಒಂದೇ ತುಂಡಿನಿಂದ ಕೆತ್ತಿದ್ದರು. ನಮ್ಮ ಬಿದಿರಿನ ಸಿಪ್ಪೆಯೂ ಅದೇ ಕೆಲಸ ಮಾಡುತ್ತದೆ, ನೋಡಿ.

ಸಾಧನಕೇರಿ ಹುಡುಗ:
ಐದು ವಾರದ ನಂತರ ಬಂದಿದ್ದೇನೆ. ಬಿಲ್ಲು ಆಯ್ತು!

ಉದ್ದ 69 ಇಂಚು. ಹಿಡಿಯಲ್ಲಿ 14 ಮಿಲಿಮೀಟರ್ ದಪ್ಪ, ತುದಿ ಹತ್ತಿರ 8. ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೇಲಿನ ತೋಳಿನ ಎರಡನೇ ಗೆಣ್ಣಿನ ಪಕ್ಕ ಆಸೆಬುರುಕನ ಹಾಗೆ ರಂಧಾ ಹೊಡೆದೆ. ಮರುದಿನ ನೋಡಿದರೆ ಅಲ್ಲಿ ಕೀಲು ಇದ್ದ ಹಾಗೆ ಬಾಗುತ್ತಿತ್ತು. ಕಾಕಾ ಹೇಳಿದಂತೆ ಅದನ್ನು ಬಿಟ್ಟು ಅಕ್ಕಪಕ್ಕ ಕೆರೆದೆ, ಆಮೇಲೆ ಕೆಳತೋಳನ್ನೂ ಅದಕ್ಕೆ ಹೊಂದಿಸಬೇಕಾಯ್ತು. ಆ ಒಂದು ತಪ್ಪಿಗೆ ಹನ್ನೊಂದು ಸಂಜೆ ಹೋದವು. 35 ಪೌಂಡಿನ ಆಸೆ ಇತ್ತು, 27 ಇಂಚು ಎಳೆದಾಗ 28 ಪೌಂಡಿಗೆ ನಿಂತಿತು. ಹೆದೆ ಬಿಚ್ಚಿದ ಮೇಲೂ ತುದಿ ಒಂದು ಇಂಚು ಹೊಟ್ಟೆಯ ಕಡೆಗೇ ಬಾಗಿರುತ್ತದೆ.

ಗೋಡೆಯ ಇದ್ದಲಿ ಗೆರೆಗೆ ಅವ್ವ ಇನ್ನೂ ಮಾತಾಡಿಸಿಲ್ಲ. ಸುಣ್ಣ ತಂದಿಟ್ಟಿದ್ದೇನೆ.

ಮಾವನ ಹೊಲದಲ್ಲಿ ಕಣಿಕೆ ಬಣವೆಗೆ ಹೊಡೆದೆ. ಹತ್ತು ಹೆಜ್ಜೆಯಿಂದ. ಮೊದಲ ಬಾಣ ಬಣವೆಗೇ ಬೀಳಲಿಲ್ಲ. ನಾಲ್ಕನೆಯದು ನಾಟಿತು. ಆ 'ಟಪ್' ಸದ್ದು ಇನ್ನೂ ಕಿವಿಯಲ್ಲಿದೆ. ಓಣಿಯ ಹುಡುಗರು ಜೋಳದ ದಂಟಿನ ಬಾಣ ಮಾಡಿಕೊಂಡು ಬಂದಿದ್ದಾರೆ, ಹಾರಿಸು ಅಂತ ಗಂಟು ಬಿದ್ದಿದ್ದಾರೆ. ನಡೆಯುತ್ತಾ?

ಬಡಿಗ್ಯಾರ ಕಾಕಾ:
ಶಾಬ್ಬಾಸ್! ಒಂದು ಇಂಚು ಬಾಗಿ ಉಳಿದದ್ದು ಏನೂ ಅಲ್ಲ, ನನ್ನದು ಎರಡೂವರೆ ಇದೆ.

ದಂಟು ಬೇಡ. ಬಾಣ ತೀರಾ ಹಗುರವಾದರೆ ಬಿಲ್ಲಿನ ಬಲ ಬಾಣಕ್ಕೆ ಹೋಗದೆ ಬಿಲ್ಲಿಗೇ ತಿರುಗಿ ಬಡಿಯುತ್ತದೆ. ಬಾಣವೇ ಇಲ್ಲದೆ ಹೆದೆ ಬಿಟ್ಟ ಹಾಗೆ. ಅದೂ ಬೇಡ, ಯಾರ ಕೈಗೆ ಕೊಟ್ಟರೂ ಮೊದಲು ಇದನ್ನೇ ಹೇಳು. ದಂಟು ಹೆದೆಯ ಮೇಲೇ ಸೀಳಿ ಕೈಗೂ ಚುಚ್ಚಬಹುದು. ಸಣ್ಣ ಬಿದಿರು ಕಡ್ಡಿ ನೆಟ್ಟಗೆ ಮಾಡಿ, ಕೋಳಿ ಗರಿ ಕಟ್ಟು. ಮೂರೂ ಗರಿ ಒಂದೇ ರೆಕ್ಕೆಯವು ಇರಲಿ, ಎಡದ್ದಾದರೆ ಎಲ್ಲಾ ಎಡದ್ದು. ಹುಡುಗರು ಯಾವಾಗಲೂ ನಿನ್ನ ಹಿಂದೆ ನಿಲ್ಲಬೇಕು, ಪಕ್ಕಕ್ಕೂ ಬೇಡ. ಬಣವೆಯ ಹಿಂದೆ ದಾರಿ ಇದೆಯಾ ನೋಡು.

ಸಾಧನಕೇರಿ ಹುಡುಗ:
ಹಿಂದೆ ಬರೀ ಹೊಲ, ಅದರಾಚೆ ಏರಿ. ಯಾರೂ ಓಡಾಡುವುದಿಲ್ಲ. ಹುಡುಗರನ್ನು ಬಂಡಿ ಮೇಲೆ ಕೂಡಿಸುತ್ತೇನೆ.

ಬೆಟಗೇರಿ ನೂಲು:
ಫೋಟೊದಲ್ಲಿ ಬಿಲ್ಲು ಗೋಡೆಗೆ ಒರಗಿದೆ, ಹೆದೆ ಏರಿಸಿದ್ದೇ ಇದೆ. ಯಾವಾಗಿನಿಂದ?

ಸಾಧನಕೇರಿ ಹುಡುಗ:
ನಿನ್ನೆ ಸಂಜೆಯಿಂದ.

ಬೆಟಗೇರಿ ನೂಲು:
ಮೊದಲು ಎದ್ದು ಹೋಗಿ ಬಿಚ್ರಿ. ಉಳಿದದ್ದು ಆಮೇಲೆ ಮಾತಾಡೋಣ. ಒರಗಿಸಲೂ ಬೇಡಿ, ಎರಡು ಗೂಟದ ಮೇಲೆ ಅಡ್ಡ ಮಲಗಿಸಿ.

ಸಾಧನಕೇರಿ ಹುಡುಗ:
ಬಿಚ್ಚಿದೆ. ಒಂದು ಇಂಚು ಇದ್ದದ್ದು ಒಂದೂವರೆ ಆಗಿದೆ.